ದಾರಿ ಹೇಳುವ ಬೀಗತಿ

ಕಾಕಾರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪಗಿತ್ತು. ಮೂವತ್ತು ವರ್ಷ ಗಾಡಿಯ ಕಿಟಕಿಗೆ ಮೊಣಕೈ ಊರಿ ಬಿಸಿಲಿಗೆ ಒಡ್ಡಿದ ಕೈ ಅದು. ಎರಡೂ ಕೈ ಜೋಡಿಸಿ ‘ಜೈ ಜಿನೇಂದ್ರ’ ಅಂದರೆ ಬೇರೆ ಬೇರೆ ಇಬ್ಬರ ಕೈಗಳನ್ನು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ನಾನು ಅವರ ನಕಲು ಮಾಡುವಾಗ ಬಲಗೈಗೆ ಮಗ್ಗದ ಎಣ್ಣೆಯ ಮಸಿ ಬಳಿದುಕೊಳ್ಳುತ್ತಿದ್ದೆ. ಜನ ಅಷ್ಟಕ್ಕೇ ನಗಲು ಶುರು ಮಾಡುತ್ತಿದ್ದರು, ನಾನಿನ್ನೂ ಬಾಯಿ ತೆರೆಯುವ ಮೊದಲೇ.

ಅವರು ನನ್ನ ಸ್ವಂತ ಕಾಕಾ ಅಲ್ಲ. ಬೋರಗಾಂವದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದವರು. ಒಂದು ಹಳೆಯ ಬಿಳಿ ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ನಮ್ಮ ಓಣಿಯಲ್ಲಿ ಹಗಲೆಲ್ಲ ಮಗ್ಗಗಳ ಖಟಪಟ ಇರುವುದರಿಂದ ಎಲ್ಲರೂ ಜಗಳ ಮಾಡುವವರ ಹಾಗೆ ಮಾತಾಡುತ್ತೇವೆ. ಕಾಕಾ ಮಾತ್ರ ಮೆಲ್ಲಗೆ ಮಾತಾಡುವವರು. ಅವರ ಮಾತು ಕೇಳಬೇಕೆಂದರೆ ನಾವೇ ಬಾಗಿ ಹತ್ತಿರ ಹೋಗಬೇಕಿತ್ತು. ಗೇರು ಬದಲಿಸುವ ಮುಂಚೆ ಎರಡು ಸಲ ಕೆಮ್ಮುತ್ತಿದ್ದರು, ಗೇರಿಗೂ ಒಂದು ಸೂಚನೆ ಕೊಡಬೇಕು ಅನ್ನುವವರ ಹಾಗೆ. ಯಾರಾದರೂ ಅವಸರ ಮಾಡಿದರೆ ಅವರದೊಂದೇ ಉತ್ತರ: “ಅರಾಮ ಕೂಡ್ರಿ. ಊರು ಎಲ್ಲಿ ಓಡಿ ಹೋಗೂದಿಲ್ಲ.”

ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಮಗ್ಗದ ಮೇಲೆ ಕೆಲಸ ಮಾಡುವವನು, ಆದರೆ ಊರಿಗೆ ನನ್ನ ಗುರುತು ನಕಲು ಮಾಡುವವನೆಂದು. ಮಗ್ಗ, ಬಸ್ಸಿನ ಕಂಡಕ್ಟರು, ಬಸದಿಯಲ್ಲಿ ತೂಕಡಿಸುವ ಹಿರಿಯರು, ನನ್ನನ್ನು ಬೈಯುವ ನನ್ನ ಅವ್ವ, ಅವಳಿಂದ ಬೈಸಿಕೊಳ್ಳುವ ನಾನು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಇಷ್ಟು ಜನ ಇದ್ದ ಮೇಲೆ ನನ್ನ ಸ್ವಂತ ದನಿಗೆ ಅಲ್ಲಿ ಜಾಗವೇ ಉಳಿದಿರಲಿಲ್ಲ ಅಂತ ಅವ್ವ ಹೇಳುತ್ತಿದ್ದಳು. ಅದು ಸುಳ್ಳಲ್ಲ.

ಕಾಕಾ ಜೈನರು. ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ಬಾಡಿಗೆ ಎಷ್ಟೇ ದೂರದ್ದಿರಲಿ, ಹೊತ್ತು ಇಳಿಯುವುದಕ್ಕೆ ಮುಂಚೆ ಎಲ್ಲಾದರೂ ಒಂದು ಬೇವಿನ ಮರ ನೋಡಿ ಗಾಡಿ ನಿಲ್ಲಿಸಿ, ಅವರ ಹೆಂಡತಿ ಕಾಕು ಕಟ್ಟಿಕೊಟ್ಟ ಡಬ್ಬಿ ಬಿಚ್ಚುತ್ತಿದ್ದರು. ಬಾಡಿಗೆಯವರಿಗೂ ಅರ್ಧ ಚಪಾತಿ, ಶೇಂಗಾ ಚಟ್ನಿ ಸಿಗುತ್ತಿತ್ತು. ಅಥಣಿಗೆ ಹೋದರೆ ಎಲ್ಲಿ ನಿಲ್ಲಬೇಕು, ರಾಯಬಾಗದಿಂದ ಬರುವಾಗ ಎಲ್ಲಿ, ಚಿಕ್ಕೋಡಿಯ ಕೋರ್ಟು ಕೆಲಸ ತಡವಾದರೆ ಎಲ್ಲಿ ಎಂಬುದೆಲ್ಲ ಅವರಿಗೆ ಬಾಯಿಪಾಠ. ಊರಿನ ಬೋರ್ಡು ನೋಡಿ ಗಾಡಿ ಹೊಡೆದವರೇ ಅಲ್ಲ. ಶೇಡಬಾಳದ ಮುರುಕು ಪಂಪ್‌ಹೌಸು, ಅಥಣಿ ಕಡೆಯ ಅನಂತಪುರದ ಹತ್ತಿರ ದ್ರಾಕ್ಷಿ ಪಡದ ಮಗ್ಗುಲಿಗಿದ್ದ ಒಂಟಿ ತೆಂಗು, ಹೀಗೆ ಅವರ ತಲೆಯೊಳಗೆ ಸುತ್ತಲಿನ ಐದೂ ತಾಲೂಕು ಹಾಸಿಕೊಂಡು ಮಲಗಿದ್ದವು.

ನನ್ನ ಅವ್ವನ ಎರಡೂ ಕಿಡ್ನಿ ಕೆಲಸ ಬಿಟ್ಟಾಗ ಆ ತಲೆ ನಮಗೆ ಬೇಕಾಯಿತು. ಮಂಗಳವಾರ, ಶುಕ್ರವಾರ ಮಿರಜಿಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಒಂದು ಸರದಿ ತಪ್ಪಿದರೆ ಮೈಯೆಲ್ಲ ಬಾತು ಉಸಿರು ಸಿಕ್ಕಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಅವಳನ್ನು ಒಯ್ಯುವಂತಿರಲಿಲ್ಲ, ಮಗ್ಗ ನಿಲ್ಲಿಸಿ ನಾನು ಪ್ರತಿ ಸಲ ಹೋಗುವಂತೆಯೂ ಇರಲಿಲ್ಲ. ನಾಲ್ಕು ತಾಸು ಆಸ್ಪತ್ರೆಯ ಅಂಗಳದಲ್ಲಿ ಕಾಯಬೇಕೆಂದರೆ ಬೇರೆ ಗಾಡಿಯವರು ಮುಖ ತಿರುಗಿಸುತ್ತಿದ್ದರು. ಕಾಕಾ ಏನೂ ಕೇಳದೆ ಬೆಳಿಗ್ಗೆ ಬಾಗಿಲಿಗೆ ಬಂದು ಹಾರ್ನ್ ಹೊಡೆದರು, “ತಂಗೀ, ಹೋಗೂಣ” ಅಂತ. ಆಮೇಲೆ ಎರಡು ವರ್ಷ ಒಂದು ಸರದಿಯೂ ತಪ್ಪಲಿಲ್ಲ. ಅವರ ಬಿಳಿ ಗಾಡಿ ಓಡುವವರೆಗೆ ಅವ್ವ ಇರುತ್ತಾಳೆ, ನಮ್ಮ ಮನೆಯ ಲೆಕ್ಕ ಅಷ್ಟೇ ಇತ್ತು.

ಕಾಕಾ ಮೊದಲ ಸಲ ಎಡವಿದ್ದು ಒಂದು ಚಳಿಗಾಲದ ಕೊನೆಯಲ್ಲಿ. ರಾಯಬಾಗಕ್ಕೆ ಯಾರನ್ನೋ ಬಿಟ್ಟು ಒಬ್ಬರೇ ವಾಪಸು ಬರುತ್ತಿದ್ದವರು ಹೊತ್ತು ಮುಳುಗಿ ಬಹಳ ಹೊತ್ತಿನ ಮೇಲೆ ಬಂದರು. ಗಾಡಿಯಿಂದ ಇಳಿದು ಡಬ್ಬಿಯನ್ನು ಕಾಕುವಿನ ಕೈಗೆ ಕೊಟ್ಟರು. ಡಬ್ಬಿ ತುಂಬಿದ್ದ ಹಾಗೇ ಇತ್ತು. ಅವರು ಉಪವಾಸ ಬಿದ್ದದ್ದನ್ನು ಓಣಿ ಅಂದೇ ಮೊದಲು ನೋಡಿದ್ದು. ಕೇಳಿದರೆ, ಕಬ್ಬು ಕಡಿದಿದ್ದಾರೆ, ದಾರಿ ಗುರುತು ಸಿಗಲಿಲ್ಲ ಅಂದರು. ನಾವು ಒಪ್ಪಿಕೊಂಡೆವು. ಇಲ್ಲಿ ಅದು ಒಪ್ಪುವ ಮಾತೇ. ಕಬ್ಬು ಆಳೆತ್ತರ ನಿಂತಾಗ ರಸ್ತೆ ಒಂದು ಓಣಿಯ ಹಾಗೆ ಇರುತ್ತದೆ. ಸಕ್ಕರೆ ಕಾರ್ಖಾನೆ ಶುರುವಾಗಿ ಕಬ್ಬು ಹೋಯಿತೆಂದರೆ ಮೂರು ಮೈಲಿ ದೂರದ ಊರು ಕಣ್ಣೆದುರಿಗೆ ಬಂದು ಕೂತಿರುತ್ತದೆ. ಯಾರಿಗಾದರೂ ಒಂದು ತಿರುವು ತಪ್ಪಬಹುದು. ಆದರೆ ಮೂವತ್ತು ವರ್ಷ ಕಬ್ಬು ಬೆಳೆದದ್ದನ್ನೂ ಕಡಿದದ್ದನ್ನೂ ನೋಡಿದ ಮನುಷ್ಯನಿಗೆ ತಪ್ಪಬಹುದೇ ಎಂದು ಯಾರೂ ಕೇಳಲಿಲ್ಲ.

ನಾನು ಕೇಳುವುದಿರಲಿ, ಅದನ್ನೇ ಆಟ ಮಾಡಿಕೊಂಡೆ. ಮುಂದೆ ಖಂಡೇನವಮಿಗೆ ಮಗ್ಗಗಳಿಗೆ, ಗಾಡಿಗಳಿಗೆ ಪೂಜೆ ಆಯಿತು. ಪೂಜೆ ಮುಗಿದ ಮೇಲೆ ಶೆಡ್ಡಿನ ಮುಂದೆ ಎಲ್ಲರೂ ಕುಳಿತು, ಏನಾದರೂ ಮಾಡೋ ಅಂತ ನನ್ನನ್ನು ಎಬ್ಬಿಸಿದರು. ನಾನು ಬಲಗೈಗೆ ಮಸಿ ಬಳಿದುಕೊಂಡು ಒಂದು ಖಾಲಿ ಡ್ರಮ್ಮಿನ ಮೇಲೆ ಕುಳಿತು ಗಾಡಿ ಹೊಡೆದೆ. ಎರಡು ಸಲ ಕೆಮ್ಮಿ ಗೇರು ಹಾಕಿದೆ. ಊರೆಲ್ಲ ಸುತ್ತಿ ನಮ್ಮ ಓಣಿಗೇ ಬಂದು, ಕಾಕುವಿನ ಮುಂದೆಯೇ ಗಾಡಿ ನಿಲ್ಲಿಸಿ, ಮೆಲ್ಲಗೆ ಬಾಗಿ ಕೇಳಿದೆ: “ಅಕ್ಕಾರ, ಇಲ್ಲಿ ಬಿಳಿ ಗಾಡಿ ಕಾಕಾರ ಮನಿ ಎಲ್ಲಿ ಬರತೈತ್ರಿ?”

ಜನ ಬಿದ್ದು ಬಿದ್ದು ನಕ್ಕರು. ಕಾಕು ಸೆರಗು ಬಾಯಿಗೆ ಒತ್ತಿಕೊಂಡರು, ನಗುತ್ತಿದ್ದಾರೆ ಅಂತ ನಾನು ತಿಳಿದೆ. ಕಾಕಾ ಮಾತ್ರ ಬಾಯಲ್ಲಿದ್ದ ಪ್ರಸಾದದ ತುಂಡನ್ನು ನುಂಗುವುದನ್ನೇ ಮರೆತು ನನ್ನನ್ನು ನೋಡುತ್ತಿದ್ದರು. ಬೈಯುವ ನೋಟವಲ್ಲ. ಬಾಗಿಲು ಹಾಕಿಕೊಂಡು ಒಳಗೆ ಅಡಗಿದ್ದವನನ್ನು ಹೊರಗಿನವರು ಹೆಸರು ಹಿಡಿದು ಕರೆದಾಗ ಆಗುವ ನೋಟ.

ಮರುದಿನ ಅವರು ಗಾಡಿ ತೊಳೆಯುವಾಗ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡರು. ಕ್ಷಮೆ ಕೇಳೋಣ ಅಂತ ನಾನು ಬಾಯಿ ತೆರೆದೆ. ಅವರು ಒದ್ದೆ ಬಟ್ಟೆ ಹಿಂಡುತ್ತಲೇ ಹೇಳಿದರು: “ನೀ ನಿನ್ನೆ ಮಾಡಿದ್ದು ಆಟ ಅಲ್ಲ ತಮ್ಮಾ. ಖರೇನ ಹಂಗ ಆಗೈತಿ.”

ನಾನು ನಗಲು ನೋಡಿದೆ. ಅವರು ನಗಲಿಲ್ಲ. ನಡುದಾರಿಯಲ್ಲಿ ತಲೆಯೊಳಗಿನ ರಸ್ತೆ ಒಮ್ಮೆಲೇ ಅಳಿಸಿಹೋಗುತ್ತದೆ, ಮುಂದಿನದು ಎಡವೋ ಬಲವೋ ತಿಳಿಯುವುದಿಲ್ಲ, ಯಾವ ಊರಿನಿಂದ ಹೊರಟೆ ಅನ್ನುವುದೂ ನೆನಪಾಗುವುದಿಲ್ಲ ಅಂದರು. ಸ್ವಲ್ಪ ಹೊತ್ತು ಗಾಡಿ ನಿಲ್ಲಿಸಿ ಗಾಲಿ ನೋಡುವವರ ಹಾಗೆ ನಟಿಸಿದರೆ ತಿರುಗಿ ಬರುತ್ತದಂತೆ. ಆದರೆ ಬರುವುದು ದಿನದಿನಕ್ಕೆ ತಡವಾಗುತ್ತಿತ್ತು. ಮನೆಯಲ್ಲಿ ಹೇಳಿದರೆ ಕೀಲಿ ಕಸಿದುಕೊಳ್ಳುತ್ತಾರೆ.

“ಕಸಗೊಂಡ್ರ ಕಸಗೊಳ್ಳಲಿ, ನನಗೇನಾಗೂದೈತಿ? ಮನ್ಯಾಗ ಉಂಡು ಮಲಗತೀನಿ,” ಅಂದರು. “ನಿಮ್ಮವ್ವನ್ನ ಯಾರ ಒಯ್ಯತಾರ?”

ನಾನು ಬಕೆಟ್ಟಿನ ನೀರು ಎತ್ತಿ ಗಾಲಿಗೆ ಸುರಿದೆ. ಅಂದಿನವರೆಗೆ ನಾನು ಮಾಡಿದ ಎಲ್ಲ ನಕಲುಗಳಲ್ಲಿ ಅದೇ ದೊಡ್ಡದು: ಏನೂ ಗೊತ್ತಿಲ್ಲದವನ ನಕಲು. ಆ ಮನುಷ್ಯ ಗಾಡಿ ಬಿಡಬೇಕು ಅಂತ ನನಗೆ ಅದೇ ಗಳಿಗೆಯಲ್ಲಿ ತಿಳಿದಿತ್ತು. ಮಂಗಳವಾರ ಎರಡೇ ದಿನ ದೂರವಿದೆ ಎನ್ನುವುದೂ ತಿಳಿದಿತ್ತು. ಅದಕ್ಕೇ ಇಬ್ಬರೂ ಕೂಡಿ ಒಂದು ಉಪಾಯ ಮಾಡಿದೆವು. ದಾರಿ ಹೇಳುವ ಯಂತ್ರವೊಂದನ್ನು ತಂದು ಗಾಡಿಯಲ್ಲಿ ಕೂರಿಸುವುದು.

ನಿಪ್ಪಾಣಿಯಲ್ಲಿ ಗಾಡಿ ಅಲಂಕಾರದ ಸಾಮಾನು ಮಾರುವ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಮೊದಲಿಗೆ ಟೀವಿಯಷ್ಟು ಅಗಲದ ಪರದೆ ತೋರಿಸಿದ. ಹಾಡು ಬರುತ್ತದೆ, ಸಿನಿಮಾ ಬರುತ್ತದೆ, ಹಿಂದಿನ ಗಾಡಿ ಕಾಣುತ್ತದೆ, ನಕಾಶೆಯೂ ಬರುತ್ತದೆ. ಬೆಲೆ ಕೇಳಿ ಕಾಕಾ ನನ್ನ ಕಡೆ ನೋಡಿದರು. ಬೆಲೆಗಿಂತ ಹೆಚ್ಚಾಗಿ ಅವರನ್ನು ಹೆದರಿಸಿದ್ದು ಅದರಲ್ಲಿನ ಚಿತ್ರಗಳು. ಒಂದನ್ನು ಒತ್ತಿದರೆ ಹತ್ತು ಬಿಚ್ಚಿಕೊಳ್ಳುತ್ತಿದ್ದವು. ಕಾಕಾರ ಬೆರಳು ದಪ್ಪ, ಒಂದನ್ನು ಒತ್ತಲು ಹೋದರೆ ಮೂರಕ್ಕೆ ತಾಗುತ್ತಿತ್ತು. ಎರಡು ಒತ್ತುವಿಕೆಯಲ್ಲಿ ಅವರು ನಕಾಶೆಯಿಂದ ಯಾವುದೋ ಮದುವೆಯ ಹಾಡಿಗೆ ಬಂದು ನಿಂತರು.

ಮೊಬೈಲೇ ಸಾಕಲ್ಲ ಅಂತ ನಾನು ಶಾಣ್ಯಾತನ ಮಾಡಿದೆ. ಕಾಕಾರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಹೊಸದು ತೆಗೆದುಕೊಂಡರೂ ಕಬ್ಬಿನ ನಡುವೆ ರೇಂಜು ಹೋಗುತ್ತದೆ, ನಡುವೆ ಯಾರಾದರೂ ಫೋನು ಮಾಡಿದರೆ ದಾರಿ ಹೇಳುವುದು ನಿಲ್ಲುತ್ತದೆ ಅಂತ ಅಂಗಡಿಯವನೇ ಹೇಳಿದ. ಕೊನೆಗೆ ಕಪಾಟಿನ ಹಿಂದಿನಿಂದ ಒಂದು ಪೆಟ್ಟಿಗೆ ತೆಗೆದ. ಅಂಗೈಯಷ್ಟು ದೊಡ್ಡದು, ಯಾರೋ ವಾಪಸು ಕೊಟ್ಟು ಹೋದದ್ದು. ಸಿಮ್ ಬೇಡ, ರೇಂಜು ಬೇಡ. ನಕಾಶೆ ಹೊಟ್ಟೆಯೊಳಗೇ ಇದೆ, ಆಕಾಶದಲ್ಲಿನ ಉಪಗ್ರಹ ಹಿಡಿದು ತಾನು ಎಲ್ಲಿದ್ದೇನೆ ಅಂತ ತಾನೇ ತಿಳಿದುಕೊಳ್ಳುತ್ತದೆ. ಗಾಜಿಗೆ ರಬ್ಬರಿನ ಬಟ್ಟಲು ಒತ್ತಿ ಅಂಟಿಸುವುದು, ಸಿಗರೇಟು ಹಚ್ಚುವ ತೂತಿಗೆ ವೈರು ಸಿಗಿಸುವುದು, ಮುಗಿಯಿತು. ಎದುರಿಗೆ ಮನೆಯ ಚಿತ್ರದ ಒಂದೇ ಗುಂಡಿ. ಎಲ್ಲಿದ್ದರೂ ಅದನ್ನು ಒತ್ತಿದರೆ ಮನೆಗೆ ಕರೆತರುತ್ತದೆ. ನಕಾಶೆ ಕೆಲವು ವರ್ಷ ಹಳೆಯದು, ಕಂಪ್ಯೂಟರಿಗೆ ಹಚ್ಚಿ ಹೊಸದು ಮಾಡಬೇಕು ಅಂದ. ರಸ್ತೆ ಎಲ್ಲಿ ಹೋಗ್ತಾವ ಅಂತ ನಾನು ಅವನ ಬಾಯಿ ಮುಚ್ಚಿಸಿದೆ.

ಕಾಕಾ ತಮ್ಮದೇ ರೀತಿಯಲ್ಲಿ ಪರೀಕ್ಷೆ ಮಾಡಿದರು. ಗಾಡಿಯಲ್ಲಿ ಇಡಿಸಿ, ಎಂಜಿನ್ನು ಹಚ್ಚಿ, ಕಿಟಕಿ ತೆರೆದು, ನನ್ನಿಂದ ಹಾರ್ನ್ ಹೊಡೆಸಿ, ಅಷ್ಟು ಗದ್ದಲದಲ್ಲಿ ಅದರ ದನಿ ಕೇಳುತ್ತದೆಯೇ ಅಂತ ನೋಡಿದರು. ಒಳಗೆ ಒಬ್ಬ ಹೆಂಗಸು ಶುದ್ಧ ಹಿಂದಿಯಲ್ಲಿ, ಶಾಲೆಯ ಹೆಡ್‌ಬಾಯಿಯ ಗತ್ತಿನಲ್ಲಿ ಮಾತಾಡಿದಳು. ಕನ್ನಡ ಬರುತ್ತಿರಲಿಲ್ಲ, ಮರಾಠಿಯೂ ಇಲ್ಲ. ಪರವಾಗಿಲ್ಲ ಅಂದರು. ಕೊನೆಯಲ್ಲಿ ಅಂಗಡಿಯವನನ್ನು ಮಗ್ಗುಲಿಗೆ ಕರೆದು ಕೇಳಿದರು: “ದಾರಿ ತಪ್ಪಿದ್ರ ಬೈತೈತೇನು?”

“ಇಲ್ರಿ. ಸುಮ್ಮನ ಮತ್ತ ಹೊಸಾ ದಾರಿ ಹುಡಕತೈತಿ.”

“ಹಂಗಾದ್ರ ಇದ ಇರಲಿ,” ಅಂದರು ಕಾಕಾ. “ಬೈಯಾವರು ಮನ್ಯಾಗ ಅದಾರ.”

ಅಂಗಡಿಯವನು ನಕ್ಕ. ನಾನು ಪೆಟ್ಟಿಗೆಯ ಒಳಗಿನ ಸೆಟಿಂಗು ತೆರೆದು ನನ್ನ ಜಾಣತನ ತೋರಿಸುತ್ತಿದ್ದೆ. ಬೇಗ ಮುಟ್ಟುವ ದಾರಿ ಬೇಕೋ, ಕಡಿಮೆ ದೂರದ ದಾರಿ ಬೇಕೋ ಅಂತ ಅದು ಕೇಳಿತು. ಡೀಸೆಲ್ ಉಳಿಯಲಿ ಅಂತ ಕಡಿಮೆ ದೂರದ್ದನ್ನು ಒತ್ತಿದೆ. ಯಾರೂ ಒತ್ತು ಅನ್ನಲಿಲ್ಲ. ನಾನೇ ಒತ್ತಿದೆ.

ಕಾಕಾ ಆ ಹೆಂಗಸಿಗೆ ‘ಬೀಗತಿ’ ಅಂತ ಹೆಸರಿಟ್ಟರು. ಮಗಳ ಮನೆಯ ಬೀಗತಿ ಬಂದರೆ ಹೇಗೆ ಎದುರು ಮಾತಾಡದೆ ಮರ್ಯಾದೆ ಕೊಡಬೇಕೋ ಹಾಗೆ ಅವಳಿಗೆ ಕೊಡುತ್ತಿದ್ದರು. ಅವಳು ‘ದಾಹಿನೇ ಮುಡಿಯೇ’ ಅಂದರೆ ತಲೆಯಾಡಿಸಿ ಬಲಕ್ಕೆ ಹೊರಳಿಸುತ್ತಿದ್ದರು. ನನಗೊಂದು ಹೊಸ ದನಿ ಸಿಕ್ಕಿತು. ಅವ್ವ ಹಿತ್ತಲಿಗೆ ಹೊರಟರೆ ಹಿಂದಿನಿಂದ ಬೀಗತಿಯ ದನಿಯಲ್ಲಿ ‘ಯೂ ಟರ್ನ್ ಲೀಜಿಯೇ’, ಹಿಂದಕ್ಕೆ ತಿರುಗಿ, ಅನ್ನುತ್ತಿದ್ದೆ. ಕಾಕಾ ಒಂದೆರಡು ಸಲ ಅಂಗಳದಲ್ಲಿ ನನ್ನ ದನಿ ಕೇಳಿ ಗಾಡಿಯತ್ತ ತಿರುಗಿದ್ದುಂಟು. ಅಷ್ಟು ಚೆನ್ನಾಗಿ ಕುದುರಿತ್ತು.

ದಾರಿ ತಪ್ಪುವುದು ನಿಂತಿತು. ಊರಿನಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ ಅಂತ ನಾವಿಬ್ಬರೂ ಸಮಾಧಾನಪಟ್ಟೆವು. ಬೀಗತಿ ಮಿರಜಿಗೆ ಒಂದು ಸಣ್ಣ ದಾರಿಯನ್ನೂ ಹುಡುಕಿಕೊಟ್ಟಳು. ದೂಧಗಂಗೆಯ ದೊಡ್ಡ ಸೇತುವೆ ಬಿಟ್ಟು, ಕಬ್ಬಿನ ನಡುವೆ ಇಳಿದು, ಬಾಂದಾರದ ಮೇಲೆ ಹಾದು ಹೋಗುವ ದಾರಿ. ಬಾಂದಾರ ಅಂದರೆ ನೀರು ನಿಲ್ಲಿಸಲು ಹೊಳೆಗೆ ಅಡ್ಡ ಕಟ್ಟಿದ ಗಿಡ್ಡ ಕಟ್ಟೆ. ಮಗ್ಗುಲಿಗೆ ಕಟಾಂಜನವಿಲ್ಲ, ಒಂದು ಗಾಡಿ ಮಾತ್ರ ಹೋಗುವಷ್ಟು ಅಗಲ. ಇಲ್ಲಿನವರು ವರ್ಷದ ಎಂಟು ತಿಂಗಳು ಅದನ್ನು ರಸ್ತೆ ಎಂದೇ ತಿಳಿದು ಓಡಾಡುತ್ತಾರೆ. ಉಳಿದ ನಾಲ್ಕು ತಿಂಗಳು ಅದು ಹೊಳೆಯ ಪಾಲು. ಇದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತಾದ್ದರಿಂದ ಯಾರೂ ಯಾರಿಗೂ ಹೇಳುವುದಿಲ್ಲ. ಪೆಟ್ಟಿಗೆಗೂ ಯಾರೂ ಹೇಳಿರಲಿಲ್ಲ.

ಬೇಸಿಗೆ ಕಳೆಯುವಷ್ಟರಲ್ಲಿ ಕಾಕಾ ರಸ್ತೆಯ ಅಕ್ಕಪಕ್ಕ ನೋಡುವುದನ್ನೇ ಬಿಟ್ಟಿದ್ದರು. ಮೊದಲೆಲ್ಲ ಗಾಡಿ ಹೊಡೆಯುತ್ತಲೇ ಇದು ಯಾರ ಹೊಲ, ಅದು ಯಾರ ಬಾವಿ ಅಂತ ಹೇಳುತ್ತಿದ್ದವರು, ಈಗ ಕತ್ತು ಮುಂದೆ ಮಾಡಿ ಬೀಗತಿಯ ಮುಂದಿನ ಮಾತಿಗೆ ಕಿವಿಗೊಟ್ಟು ಕೂರುತ್ತಿದ್ದರು. ಅವಳು ಬಹಳ ಹೊತ್ತು ಸುಮ್ಮನಿದ್ದರೆ ವೇಗ ಇಳಿಯುತ್ತಿತ್ತು. ಒಮ್ಮೆ ಅವಳು ನೂರು ಹೆಜ್ಜೆ ಮುಂಚೆಯೇ ಎಡಕ್ಕೆ ಅಂದದ್ದಕ್ಕೆ ಯಾರದೋ ಕಬ್ಬಿನ ಬದುವಿನ ಮೇಲೆ ಗಾಡಿ ಏರಿಸಿದರಂತೆ. ಅವ್ವ ಅದನ್ನು ನಗುತ್ತಾ ಹೇಳಿದಳು, ನಾನು ನಗುತ್ತಾ ಕೇಳಿದೆ.

ಮಳೆಗಾಲ ಬಂತು. ಆ ಶುಕ್ರವಾರ ನಮ್ಮಲ್ಲಿ ಒಂದು ಹನಿ ಬಿದ್ದಿರಲಿಲ್ಲ, ಬಿಸಿಲು ಬಿದ್ದಿತ್ತು. ನಮ್ಮ ಹೊಳೆಗಳ ಸ್ವಭಾವ ಅದು. ಮಳೆ ಮೇಲೆ ಘಟ್ಟದಲ್ಲಿ ಬೀಳುತ್ತದೆ, ನೀರು ಎರಡು ದಿನ ಬಿಟ್ಟು ಸದ್ದಿಲ್ಲದೆ ನಮ್ಮಲ್ಲಿಗೆ ಬರುತ್ತದೆ. ಕರೆಂಟು ಹೋಗಿ ಮಗ್ಗ ನಿಂತಿದ್ದರಿಂದ ನಾನೂ ಗಾಡಿ ಹತ್ತಿದೆ. ಅವ್ವ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಊರು ದಾಟುವ ಮೊದಲೇ ನಿದ್ದೆ ಹೋದಳು. ಇತ್ತೀಚೆಗೆ ಗಾಡಿಯಲ್ಲಿ ಬರೀ ನಿದ್ದೆ ಮಾಡುತ್ತಾಳೆ ಅಂತ ಕಾಕಾ ಹೇಳಿದರು.

ಮಂಗಳವಾರ ಒಣಗಿದ್ದ ಇಳಿಜಾರಿನಲ್ಲಿ ಜಾಲಿಯ ಮುಳ್ಳುಕಂಟಿ ಅಡ್ಡ ಹಾಕಿದ್ದರು. ಯಾರೋ ಅದನ್ನು ಅರ್ಧ ಎಳೆದು ಬದಿಗೆ ಸರಿಸಿ ಹೋಗಿದ್ದರು. ಕಾಕಾ ಕಂಟಿಯ ಮಗ್ಗುಲಿನಿಂದ ಗಾಡಿ ಇಳಿಸಿದರು. ತಿರುವು ದಾಟಿದ ಮೇಲೆ ಎದುರಿಗೆ ಬಾಂದಾರ ಇರಲಿಲ್ಲ. ದಂಡೆಯಿಂದ ದಂಡೆಗೆ ಕೆಮ್ಮಣ್ಣಿನ ನೀರು ಮಾತ್ರ ಇತ್ತು. ಸದ್ದಿಲ್ಲ, ತೆರೆಯಿಲ್ಲ. ನಡುವೆ ಒಂದು ಬೇರುಸಹಿತ ಕಿತ್ತ ಮರ ಕುದುರೆಯ ವೇಗದಲ್ಲಿ ಹೋಗುತ್ತಿತ್ತು.

“ಸೀಧೇ ಜಾಯಿಯೇ,” ನೇರ ಹೋಗಿ ಅಂದಳು ಬೀಗತಿ.

ಗಾಡಿ ನಿಲ್ಲಿಸ್ರಿ ಕಾಕಾ ಅಂತ ನಾನು ಕೂಗಿದೆ. ಅವರು ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ಅವರ ಮುಖ ಕಂಡಿತು. ಹೆದರಿಕೆಯೇ ಇರಲಿಲ್ಲ ಅದರಲ್ಲಿ. ಮಳೆ ನೀರು ನಿಂತ ಹಳ್ಳವೊಂದನ್ನು ದಾಟುವವರ ಹಾಗೆ ಎರಡು ಸಲ ಕೆಮ್ಮಿ ಗೇರು ಇಳಿಸಿದರು.

“ಇದ್ಯಾವ ಕೆರಿ ಒಡದೈತಿ ತಮ್ಮಾ?”

“ಕೆರಿ ಅಲ್ಲ ಕಾಕಾ, ಹೊಳಿ. ನಮ್ಮ ಹೊಳಿರಿ ಇದು.”

“ಗದ್ದಲ ಹಾಕಬ್ಯಾಡ. ಆಕೀ ಏನಂತಾಳ ಕೇಳಗೊಡು.”

ಮುಂದಿನ ಗಾಲಿ ನೀರಿಗಿಳಿದವು. ಅವ್ವನ ತಲೆ ತೊಡೆಯ ಮೇಲಿತ್ತು, ಮುಂದಿನ ಸೀಟಿನ ಆಚೆಗಿದ್ದ ಬ್ರೇಕಿಗೆ ನನ್ನ ಕೈ ಎಟುಕುತ್ತಿರಲಿಲ್ಲ. ನಾನು ಮತ್ತೆ ಕೂಗಿದೆ, ನೊಣ ಓಡಿಸುವಂತೆ ಅವರು ಎಡಗೈ ಆಡಿಸಿದರು. ಆ ಗಾಡಿಯಲ್ಲಿ ನನ್ನ ಮಾತಿಗೆ ಬೆಲೆಯಿರಲಿಲ್ಲ. ಇಷ್ಟು ವರ್ಷ ಊರವರ ದನಿಗಳನ್ನೆಲ್ಲ ಹಾಳು ಮಾಡಿದವನ ಮಾತನ್ನು ಯಾರು ನಂಬುತ್ತಾರೆ? ನಾನು ಅವರ ಸೀಟಿನ ಹಿಂದೆ ಬಾಗಿ, ಉಸಿರು ಬಿಗಿಹಿಡಿದು, ಮೂಗಿನಿಂದ, ಹೆಡ್‌ಬಾಯಿಯ ಗತ್ತಿನಲ್ಲಿ ಹೇಳಿದೆ:

“ಯೂ ಟರ್ನ್ ಲೀಜಿಯೇ.”

ಕಾಕಾರ ಕಾಲು ಬ್ರೇಕಿನ ಮೇಲೆ ಬಿತ್ತು. ಗಾಡಿ ನಿಂತಿತು. ನೀರು ಬಾಗಿಲಿನ ಕೆಳಗೆ ಗುಳುಗುಳು ಅನ್ನುತ್ತಿತ್ತು. ಪೆಟ್ಟಿಗೆ ಮತ್ತೆ ‘ಸೀಧೇ’ ಅಂತ ಬಾಯಿ ತೆರೆಯುವಷ್ಟರಲ್ಲಿ ನಾನು ಇನ್ನೊಮ್ಮೆ, ಮತ್ತೊಮ್ಮೆ ಹೇಳಿದೆ. ಯೂ ಟರ್ನ್ ಲೀಜಿಯೇ, ಯೂ ಟರ್ನ್ ಲೀಜಿಯೇ. ಅವರು ಹಿಂದಕ್ಕೆ ಹೊರಳಿ ಗಾಜಿನಾಚೆ ನೋಡುತ್ತಾ, ಆ ಕಿರಿದಾದ ಇಳಿಜಾರಿನಲ್ಲಿ ಒಂದಂಗುಲ ಆಚೀಚೆ ಆಗದಂತೆ ಗಾಡಿಯನ್ನು ಹಿಂದಕ್ಕೆ ಏರಿಸಿದರು. ಅವರ ಕೈಕಾಲು ಏನನ್ನೂ ಮರೆತಿರಲಿಲ್ಲ.

ಮುಳ್ಳುಕಂಟಿಯ ಆಚೆ ಬಂದ ಮೇಲೆ ಪೆಟ್ಟಿಗೆಯ ವೈರು ಕಿತ್ತರು. ನನ್ನನ್ನು ತಿರುಗಿ ನೋಡಲಿಲ್ಲ. “ಆಕೀ ದನಿ ಎದರಿಗಿಂದ ಬರತೈತಿ,” ಅಂದರು. “ಇದು ಹಿಂದಿಂದ ಬಂತು.”

ಅಷ್ಟರಲ್ಲಿ ಅವ್ವ ಎದ್ದು ಕುಳಿತಿದ್ದಳು. ಹೊರಗೆ ನೋಡಿದವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ತನ್ನ ಹಣೆಗೆ ತಾನೇ ಹೊಡೆದುಕೊಂಡು ಅವಳು ಹೇಳಿದ ಮಾತು ನನಗೆ ಹೊಳೆಯ ನೀರಿಗಿಂತ ಹೆಚ್ಚು ಹೆದರಿಕೆ ತಂದಿತು.

“ತಪ್ಪು ನಂದ ಅಣ್ಣಾ. ಮೊದಲ ನಾ ಹೇಳತಿದ್ದೆ. ಈ ಪೆಟಗಿ ಬಂದ ಮ್ಯಾಲ ಬಾಯಿ ಮುಚಗೊಂಡು ಮಲಗಿಬಿಟ್ಟೆ.”

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಕಾಕಾ ತಿರುವಿನಲ್ಲಿ ತಡವರಿಸುವುದನ್ನು ನನಗಿಂತ ಬಹಳ ಮುಂಚೆ ಅವಳು ನೋಡಿದ್ದಳು. ಅವರ ಮರ್ಯಾದೆಗೆ ಕುಂದು ಬರಬಾರದೆಂದು ದಾರಿಯನ್ನು ಹರಟೆಯಲ್ಲಿ ಅಡಗಿಸಿ ಹೇಳುತ್ತಿದ್ದಳು. ಎಡಕ್ಕೆ ಹೋಗಬೇಕಾದಲ್ಲಿ ಎಡಗಡೆಯ ಹೋಟೆಲಿನ ಚಹಾ ಹೊಗಳುವುದು, ಬಲಕ್ಕಿದ್ದರೆ ಬಲಗಡೆಯ ಗುಡಿಗೆ ದೂರದಿಂದಲೇ ಕೈ ಮುಗಿಯುವುದು. ಬಾಯಿ ತುಂಬ ಮಾತಾಡುವ ರೋಗಿ ಅಂತ ನಾವು ನಗುತ್ತಿದ್ದೆವು. ಅವಳ ನಕಲನ್ನೂ ನಾನು ಮಾಡಿದ್ದೆ. ಯಂತ್ರ ಬಂದಾಗ, ಇನ್ನು ತಾನು ಎಚ್ಚರವಿರಬೇಕಾಗಿಲ್ಲ ಅಂತ ಅವಳು ಕಣ್ಣು ಮುಚ್ಚಿದ್ದಳು. ದಾರಿ ಬಲ್ಲ, ಹೊಳೆ ಬಲ್ಲ ಒಂದು ದನಿಯನ್ನು ಗಾಡಿಯಿಂದ ಇಳಿಸಿ, ಆ ಜಾಗದಲ್ಲಿ ಪೆಟ್ಟಿಗೆಯನ್ನು ಕೂರಿಸಿದವರು ನಾವಿಬ್ಬರು.

ಕಾಕಾ ಕೈ ಚಾಚಿ ಮುಂದಿನ ಬಾಗಿಲು ತೆರೆದರು. ಆಮೇಲೆ ಅವ್ವನನ್ನು ಮುಂದಿನ ಸೀಟಿಗೆ ಕರೆದರು. ಇನ್ನು ಹೋಟೆಲು, ಗುಡಿ ಏನೂ ಬೇಡ, ನೇರವಾಗಿ ಹೇಳು ಅಂದರು. ಅವಳು ಎಡಕ್ಕೆ ಅಂದಳು, ಬಲಕ್ಕೆ ಅಂದಳು. ದೊಡ್ಡ ಸೇತುವೆಯ ಮೇಲೆ ಹಾದು ನಾವು ಮಿರಜ ಮುಟ್ಟಿದೆವು. ವಾಪಸು ಬರುವಾಗ ಹೊತ್ತು ಇಳಿಯುವ ಮುಂಚೆ ಬೇವಿನ ಮರದ ಕೆಳಗೆ ಮೂವರೂ ಚಪಾತಿ ತಿಂದೆವು.

ಮನೆಯ ಮುಂದೆ ಗಾಡಿ ನಿಲ್ಲಿಸಿ, ಕೀಲಿ ತೆಗೆದು ಅವ್ವನ ಕೈಯಲ್ಲಿಟ್ಟರು. ನನ್ನ ಕೈಯಲ್ಲಲ್ಲ, ಕಾಕುವಿನ ಕೈಯಲ್ಲೂ ಅಲ್ಲ. “ನಾಳೆ ನಾನ ಬಂದು ಕೇಳತೀನಿ, ತಂಗಿ. ಕಾಲಿಗೆ ಬಿದ್ರೂ ಕೊಡಬ್ಯಾಡ.”

ಅವರು ಹೇಳಿದ ಹಾಗೇ ಕೇಳಲು ಬಂದರು. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದು ಕೀಲಿ ಕೊಡು ಅನ್ನುತ್ತಿದ್ದರು. ಅವ್ವ ಇಲ್ಲ ಅನ್ನುತ್ತಿದ್ದಳು. ಮೊದಮೊದಲು ನಕ್ಕು ಹೋದರು. ಆಮೇಲೆ ಬೇಡಿಕೊಂಡರು. ದೀಪಾವಳಿಯ ಹೊತ್ತಿಗೆ ಕಳ್ಳಿ ಅಂದರು, ಮೆಲ್ಲಗೆ ಮಾತಾಡುವ ಮನುಷ್ಯ ಓಣಿಯ ನಡುವೆ ನಿಂತು ಮಗ್ಗಗಳನ್ನೂ ಮೀರಿ ಕೂಗಿದರು. ಅವ್ವ ಬಾಗಿಲ ಒಳಗೆ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಅಳುತ್ತಾ ನಿಂತಿದ್ದಳು. ಕೊಡಲಿಲ್ಲ. ಅವರು ಹೋದ ಮೇಲೆ ಮುಷ್ಟಿ ಬಿಚ್ಚಿ ನನಗೆ ಕೊಡುತ್ತಿದ್ದಳು. ಕಾಕು ಒಪ್ಪಿ, ಆ ಗಾಡಿಯನ್ನು ಓಡಿಸಲು ನನಗೆ ಬಿಟ್ಟಿದ್ದರು. ನಾನು ವಾರಕ್ಕೆ ಎರಡು ದಿನದ ಮಗ್ಗದ ಕೂಲಿ ಬಿಟ್ಟು, ಹಿಂದೆಂದೋ ಕಲಿತ ಡ್ರೈವಿಂಗು ತಿರುಗಿ ಹಿಡಿದಿದ್ದೆ. ಕಳ್ಳನ ಹಾಗೆ ಹಿಂದಿನ ಓಣಿಯಿಂದ ಗಾಡಿ ತೆಗೆದು ಅವ್ವನನ್ನು ಕೂರಿಸಿಕೊಂಡು ಹೋಗುತ್ತಿದ್ದೆ. ಕಾಕಾರ ನಕಲು ಮಾಡು ಅಂತ ಯಾರಾದರೂ ಕೇಳಿದರೆ ಗಂಟಲು ಕಟ್ಟಿದೆ ಅನ್ನುತ್ತಿದ್ದೆ.

ಚಳಿ ಹೆಚ್ಚಾದ ಮೇಲೆ ಒಂದು ಸಂಜೆ ಅವರು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. ಕೀಲಿ ಕೇಳಲಿಲ್ಲ. ಮೈ ಇಳಿದು ಅಂಗಿ ದೊಡ್ಡದಾಗಿತ್ತು. ಬಿಸಿಲಿಗೆ ಹೋಗದೆ ತಿಂಗಳುಗಳಾಗಿ ಎರಡೂ ಕೈಗಳ ಬಣ್ಣ ಒಂದೇ ಆಗುತ್ತ ಬಂದಿತ್ತು. ನನ್ನನ್ನೇ ದಿಟ್ಟಿಸಿ, ಈ ಮನೆಯ ಹೆಣ್ಣುಮಗಳನ್ನು ದವಾಖಾನೆಗೆ ಯಾರು ಒಯ್ಯುತ್ತಾರೆ ಅಂತ ಕೇಳಿದರು. ನಾನೇ ಒಯ್ಯುತ್ತೇನೆ ಅಂದೆ.

“ನೀ ಯಾರ ಮಗನೋ ಗೊತ್ತಾಗವಲ್ದು, ತಪ್ಪು ತಿಳಕೋಬ್ಯಾಡ. ಮಳಿ ಇರಲಿ ಬಿಡಲಿ, ಮೊದಲ ಹೊಳಿ ನೋಡು. ಆಮ್ಯಾಲ ಗೇರು ಹಾಕು.”

ಹೂಂ ಅಂದೆ. ನನ್ನ ಸ್ವಂತ ದನಿಯಲ್ಲೇ ಅಂದೆ, ಅದು ಹೇಗಿತ್ತೋ ನನಗೇ ಗೊತ್ತಿಲ್ಲ.

ಅದಾಗಿ ಎರಡು ವಾರಕ್ಕೆ, ಒಂದು ಬೆಳಗಿನ ಜಾವ, ಕಾಕಾ ಹೋದರು. ಹೊತ್ತು ಮೂಡುವಷ್ಟರಲ್ಲಿ ಓಣಿ ತುಂಬಿತು. ಯಾರೋ ಹೋಗಿ ಮಗ್ಗಗಳನ್ನು ನಿಲ್ಲಿಸಿದರು. ಶೇಡಬಾಳದಿಂದ, ಅಥಣಿಯಿಂದ ಅವರ ಬೀಗರು ಬರುವುದಿತ್ತು, ಮಧ್ಯಾಹ್ನಕ್ಕೆ ದಹನ ಅಂತ ಹಿರಿಯರು ಮಾತಾಡಿಕೊಂಡರು. ನಾನು ಹೆಗಲು ಕೊಡಬೇಕೆಂದು ಅವರ ಪಡಸಾಲೆಯಲ್ಲಿ ಕುಳಿತಿದ್ದೆ. ಅವ್ವ ಮೂಲೆಯಲ್ಲಿ ಗೋಡೆಗೆ ಒರಗಿದ್ದಳು, ಅವಳ ಪಾದಗಳು ಬಾತಿದ್ದವು. ಒಂದು ಸರದಿ ಹೋದರೆ ಹೋಗಲಿ ಅಂತ ಬೆಳಿಗ್ಗೆಯೇ ನನಗೆ ಹೇಳಿಬಿಟ್ಟಿದ್ದಳು.

ಕಾಕಾರ ತಲೆಯ ಹತ್ತಿರ ಕುಳಿತಿದ್ದ ಕಾಕು ಒಮ್ಮೆ ಮುಖ ಎತ್ತಿ ಅವ್ವನ ಪಾದ ನೋಡಿದರು. ಆಮೇಲೆ ನನ್ನನ್ನು.

“ಇವತ್ತ ಯಾ ವಾರ?”

“ಶುಕ್ರವಾರ, ಕಾಕು.”

“ಮತ್ತ ಇಲ್ಯಾಕ ಕುಂತಿ?”

ನಾನು ಎದ್ದೆ. ಅವ್ವನ ಕೈ ಹಿಡಿದು ಎಬ್ಬಿಸಿದೆ. ಹಿಂದಿನ ಓಣಿಯಿಂದಲ್ಲ, ಅಂದು ಮುಂದಿನ ಓಣಿಯಿಂದಲೇ ಗಾಡಿ ತೆಗೆದೆ. ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದವರು ಬಿದಿರನ್ನು ಬದಿಗೆ ಸರಿಸಿದರು. ಬಾಗಿಲಲ್ಲಿ ಸೇರಿದ್ದ ಜನರೆಲ್ಲ ಎರಡೂ ಕಡೆ ಗೋಡೆಗೆ ಒತ್ತಿ ನಿಂತು ಬಿಳಿ ಗಾಡಿಗೆ ದಾರಿ ಬಿಟ್ಟರು.